ಹುಕ್ಕೇರಿ ಬಾವಿಯ ಏಳನೆಯ ಗೆರೆ

ಇಲ್ಲಿ ಬರೆಯುವುದೆಲ್ಲ ಹೀಗೆಯೇ ನಡೆಯಿತೆಂದು ನಾನು ಆಣೆ ಮಾಡಿ ಹೇಳಲಾರೆ. ಒಬ್ಬನೇ ಸಾಕ್ಷಿ, ಅದರಲ್ಲೂ ತಪ್ಪಿನಲ್ಲಿ ಪಾಲಿದ್ದ ಸಾಕ್ಷಿ, ಹತ್ತು ವರ್ಷಗಳ ಮೇಲೆ ಬಾಯಿಬಿಟ್ಟರೆ ಆ ಮಾತನ್ನು ಎಷ್ಟು ನಂಬಬೇಕೆಂಬುದು ಇತಿಹಾಸ ಓದಿದ ನನಗೆ ಗೊತ್ತಿದೆ. ನನ್ನ ವಿದ್ಯಾರ್ಥಿ ಯಾರಾದರೂ ಇಂಥ ಆಧಾರ ತಂದರೆ ನಾನೇ ಅದನ್ನು ಹೊಡೆದುಹಾಕುತ್ತೇನೆ. ಹೊಡೆದುಹಾಕುವುದು ನನಗೆ ಚೆನ್ನಾಗಿ ರೂಢಿಯಾಗಿದೆ.

ಹೋದ ತಿಂಗಳು ಮನೆ ಬದಲಿಸಿದೆ. ಇದು ನನ್ನ ಆರನೆಯ ಬಾಡಿಗೆ ಮನೆ. ಒಂದೇ ಊರಿನಲ್ಲಿ ನೆಟ್ಟಗೆ ಎರಡು ವರ್ಷ ನಿಂತವನಲ್ಲ ನಾನು. ಟ್ರಂಕಿನ ತಳದಲ್ಲಿ ಹಳೆಯ ಅಂಗಿಗಳ ಕೆಳಗೆ ಕೈಯಾಡಿಸಿದಾಗ ಒಂದು ತೆಳು ಪುಸ್ತಕ ಸಿಕ್ಕಿತು. ತೆರೆಯುವುದಕ್ಕೂ ಮೊದಲೇ ವಾಸನೆ ಬಂತು. ತಂಬಾಕು. ಪುಟಗಳ ನಡುವೆ ಒಂದು ಎಲೆ ಒಣಗಿ, ಮುಟ್ಟಿದರೆ ಪುಡಿಯಾಗುವಂತೆ ಕೂತಿತ್ತು. ಟ್ರಂಕಿನ ಮುಂದೆ ಹಾಗೆಯೇ ಎಷ್ಟು ಹೊತ್ತು ಕುಕ್ಕರುಗಾಲಲ್ಲಿ ಕೂತಿದ್ದೆನೋ... ಹಮಾಲ ಬಂದು ಎರಡು ಸಲ ಕೂಗಿದನಂತೆ.

ಗೋಕಾಕದ ಕನ್ನಡ ಸಾಲೆಯಲ್ಲಿ ನನಗೆ ಕಲಿಸಿದ ಮಾಸ್ತರರ ಪುಸ್ತಕ ಅದು. ಅವರ ಮನೆಯ ಎಲ್ಲ ಪುಸ್ತಕಗಳೂ ಹೀಗೆಯೇ ನಾರುತ್ತಿದ್ದವು. ಅವರ ಹುಟ್ಟೂರು ಹುಕ್ಕೇರಿ. ಆ ಕಡೆಯ ಹೊಲಗಳಲ್ಲಿ ತಂಬಾಕು ಬೆಳೆಯುತ್ತಾರೆ. ಮಾಸ್ತರರು ತಂಬಾಕು ತಿನ್ನುತ್ತಿರಲಿಲ್ಲ, ಸೇದುತ್ತಿರಲಿಲ್ಲ. ಊರಿಗೆ ಹೋದಾಗ ಒಂದು ಕಟ್ಟು ಎಲೆ ತಂದು, ಹುಳ ಬೀಳದಿರಲೆಂದು ಪುಸ್ತಕಗಳಲ್ಲಿ ಇಡುತ್ತಿದ್ದರು. "ಮಂದಿ ತಂಬಾಕ ತಾವು ತಿಂತಾರ, ನಮ್ಮ ಮಾಸ್ತರ ಪುಸ್ತಕಕ್ಕ ತಿನಸ್ತಾರ" ಎಂದು ಪೇಟೆಯಲ್ಲಿ ನಗುತ್ತಿದ್ದರು. ಅದನ್ನು ಕೇಳಿ ಮಾಸ್ತರರೂ ನಗುತ್ತಿದ್ದರು.

ಅವರ ಮುಖ ನನಗೆ ಸರಿಯಾಗಿ ನೆನಪಿಲ್ಲ. ಮೀಸೆ ಇತ್ತೆಂದು ಅನಿಸುತ್ತದೆ. ದನಿ ಮಾತ್ರ ನೆನಪಿದೆ. ಸ್ವಲ್ಪ ಒಡಕು, ಯಾವಾಗಲೂ ಗುಟ್ಟು ಹೇಳುವವರ ಹಾಗೆ ತಗ್ಗಿದ ದನಿ. ಇತಿಹಾಸದ ತಾಸು ಬಂದರೆ ಇಲಾಖೆಯ ಪುಸ್ತಕ ತೆರೆದು ಒಂದು ಪುಟ ಓದಿಸುತ್ತಿದ್ದರು. ಯಾವ ದೊರೆ ಯಾವಾಗ ಪಟ್ಟಕ್ಕೆ ಬಂದ, ಯಾವಾಗ ಸತ್ತ, ನಡುವೆ ಎಷ್ಟು ಯುದ್ಧ. ನಾವು ತೂಕಡಿಸುತ್ತಿದ್ದೆವು. ಆಗ ಪುಸ್ತಕ ಮಡಚಿಟ್ಟು, "ಇದನ್ನ ಬರದಾವಗ ಬರಿಯಾಕ ಮನಸಿದ್ದಿಲ್ಲ ತಮ್ಮಾ, ನಿನಗ ಓದಾಕ ಮನಸ ಎಲ್ಲಿಂದ ಬಂದೀತು?" ಎಂದು ಕೇಳುತ್ತಿದ್ದರು. ಆಮೇಲೆ ಅದೇ ದೊರೆಯನ್ನು ತಾವು ಹೇಳುತ್ತಿದ್ದರು. ಆ ದೊರೆಗೆ ಹಲ್ಲುನೋವು ಬರುತ್ತಿತ್ತು, ಅವನ ಹೆಂಡತಿಗೆ ಅವನ ಮೇಲೆ ಸಿಟ್ಟು ಬರುತ್ತಿತ್ತು. "ಇದು ನನಗ ಗೊತ್ತಿಲ್ಲ, ಹಿಂಗ ಇರಬೇಕಂತ ನನ್ನ ಅಂದಾಜ" ಎಂದು ನಡುನಡುವೆ ಒಪ್ಪಿಕೊಳ್ಳುತ್ತಿದ್ದರು. ಒಪ್ಪಿಕೊಂಡದ್ದರಿಂದಲೇ ಉಳಿದದ್ದನ್ನು ನಾವು ನಂಬುತ್ತಿದ್ದೆವು. ಇದು ಈಗ ತಿಳಿಯುತ್ತದೆ. ಆಗ ಬರೀ ಕೇಳುತ್ತಿದ್ದೆವು.

ನಾನು ಪುಣೆಗೆ ಹೋಗಿ ಇತಿಹಾಸದಲ್ಲಿ ಪದವಿ ಮುಗಿಸಿದೆ. ಅಲ್ಲಿ ಕಲಿತದ್ದು ಮುಖ್ಯವಾಗಿ ಒಂದೇ ಪ್ರಶ್ನೆ: ಆಧಾರ ಏನು? ಒಳ್ಳೆಯ ಪ್ರಶ್ನೆ. ಈಗಲೂ ಅದನ್ನೇ ಕಲಿಸಿ ಉಣ್ಣುತ್ತಿದ್ದೇನೆ. ಆದರೆ ಇಪ್ಪತ್ತೆರಡರ ಹುಡುಗನ ಕೈಯಲ್ಲಿ ಅದು ಹೊಸ ಕುಡಗೋಲಿನಂತಿತ್ತು. ಪೈರು ಯಾವುದು, ಕಸ ಯಾವುದು ಎಂದು ನೋಡದೆ ಬೀಸಬೇಕೆನ್ನಿಸುತ್ತಿತ್ತು.

ಅಷ್ಟರಲ್ಲಿ ಮಾಸ್ತರರು ತಾವೇ ಒಂದು ಇತಿಹಾಸ ಬರೆದಿದ್ದರು. ಗೋಕಾಕ, ಹುಕ್ಕೇರಿ, ಮೂಡಲಗಿ, ನಡುವಿನ ಹಳ್ಳಿಗಳು. ಹುಕ್ಕೇರಿಯ ಗುಮ್ಮಟ ಕಟ್ಟಿಸಿದವರು, ದೇಸಗತಿ ನಡೆಸಿದ ದೇಸಾಯಿಗಳು, ಹೊಳೆ ಉಕ್ಕಿದ ವರ್ಷಗಳು. ನೂಲಿನಿಂದ ಹೊಲಿದ ನಾಲ್ಕು ದಪ್ಪ ವಹಿಗಳು. ಶ್ರಾವಣದಲ್ಲಿ ಮೂಡಲಗಿಗೆ, ತಮ್ಮ ಅಕ್ಕನ ಮನೆಗೆ, ಹೋಗಿ ಇರುವುದು ಅವರ ವಾಡಿಕೆ. ಅಲ್ಲಿಯ ಮಠದ ಪಡಸಾಲೆಯಲ್ಲಿ ಶ್ರಾವಣ ಪೂರ್ತಿ ಸಂಜೆ ಪುರಾಣ ಹಚ್ಚುತ್ತಿದ್ದರು. ಹಚ್ಚುವುದೆಂದರೆ ದಿನಕ್ಕೊಂದು ಅಧ್ಯಾಯ ಒಬ್ಬರು ಓದುವುದು, ಉಳಿದವರು ಕೂತು ಕೇಳುವುದು. ಓದುತ್ತಿದ್ದವರು ಅರಿವೆ ಅಂಗಡಿಯ ಕಾಕಾ. ಆ ವರ್ಷ ಅವರು, "ಅದೇ ಪುರಾಣ ಎಷ್ಟ ಸಲ ಓದೂದ್ರಿ ಮಾಸ್ತರ, ನಿಮ್ಮ ವಹಿ ತರ್ರಿ, ಅದನ್ನ ಹಚ್ಚೋಣು" ಎಂದರಂತೆ.

ನಾನು ಓದು ಮುಗಿಸಿ ಆಗಷ್ಟೇ ಊರಿಗೆ ಬಂದಿದ್ದೆ. ಐದಾರು ದಿನ ಕೂತು ಕೇಳಿದೆ. ಹೊರಗೆ ಜಿನುಗು ಮಳೆ, ಒಳಗೆ ಕಂಬಳಿಗಳ ಹಸಿ ವಾಸನೆ. ಮಾಸ್ತರರ ಕಣ್ಣಿಗೆ ಆಗಲೇ ಪೊರೆ ಬರುತ್ತಿತ್ತು. ಕಾಕಾ ಓದುತ್ತಿದ್ದರು, ಅವರು ಪಕ್ಕದಲ್ಲಿ ಕಂಬಕ್ಕೊರಗಿ ಕೂತಿರುತ್ತಿದ್ದರು. ಬರಹದಲ್ಲೂ ಅವರು ಮಾತಾಡಿದ ಹಾಗೆಯೇ ಇತ್ತು. ಒಂದು ಕಡೆ ಹೀಗೆ ಬರೆದಿದ್ದರು: "ಇಲ್ಲಿಂದ ಮುಂದೆ ಮೂವತ್ತು ವರ್ಷ ಏನಾಯಿತೋ ನನಗೆ ಗೊತ್ತಿಲ್ಲ. ಊರವರು ಉಂಡಿರಬೇಕು, ಉಪವಾಸ ಬಿದ್ದಿರಬೇಕು, ಮಕ್ಕಳನ್ನು ಹಡೆದಿರಬೇಕು. ಬರೆದಿಟ್ಟವರಿಲ್ಲ. ಅವರಿಗಾಗಿ ಒಂದು ಗಳಿಗೆ ಸುಮ್ಮನಿರೋಣ." ಕಾಕಾ ಓದು ನಿಲ್ಲಿಸಿದರು. ಪಡಸಾಲೆಯಲ್ಲಿದ್ದ ನಲವತ್ತೈವತ್ತು ಜನ ನಿಜವಾಗಿಯೂ ಸುಮ್ಮನಾದರು. ಯಾರೋ ಕೆಮ್ಮು ತಡೆದುಕೊಂಡರು. ಮಳೆಯ ಸಪ್ಪಳ ಕೇಳಿಸಿತು.

ಇನ್ನೊಂದು ಕಡೆ: "ಹುಕ್ಕೇರಿಯ ಹಳೆಯ ಬಾವಿಯ ದಂಡೆಗಲ್ಲಿನಲ್ಲಿ ಹಗ್ಗ ಉಜ್ಜಿ ಬಿದ್ದ ಏಳು ಗೆರೆಗಳಿವೆ. ಆರು ಬಲಕ್ಕೆ ವಾಲಿವೆ, ಒಂದು ಎಡಕ್ಕೆ. ಯಾರೋ ಎಡಗೈಯ ಹೆಣ್ಣುಮಗಳು ಬಹಳ ವರ್ಷ ಅಲ್ಲಿ ನಿಂತು ನೀರು ಸೇದಿದ್ದಾಳೆ. ಗುಮ್ಮಟ ಕಟ್ಟಿಸಿದವನ ಹೆಸರು ನನಗೆ ಗೊತ್ತು, ಇವಳದು ಗೊತ್ತಿಲ್ಲ. ಇಬ್ಬರೂ ಕಲ್ಲಿನ ಮೇಲೆ ಗುರುತು ಬಿಟ್ಟು ಹೋದವರೇ."

ಈ ಸಾಲುಗಳು ಅಕ್ಷರಶಃ ಅವರವೇ ಎಂದು ಹೇಳುವ ಧೈರ್ಯ ನನಗಿಲ್ಲ. ಹತ್ತು ವರ್ಷ ಬಾಯಲ್ಲಿಟ್ಟುಕೊಂಡಿದ್ದೇನೆ. ನನ್ನ ಉಗುಳೂ ಸೇರಿರಬೇಕು.

ಮುಂದಿನ ಸಾಲಿನಲ್ಲಿ ಒಬ್ಬ ಮುದುಕಿ ಕೂತಿದ್ದಳು. ಕುರಿ ಸಾಕುವ ಮನೆಯವಳು, ಬಾಯಲ್ಲಿ ಹಲ್ಲಿರಲಿಲ್ಲ. ಇದನ್ನು ಕೇಳಿದ್ದೇ ತನ್ನ ಎಡಗೈ ಮೇಲೆತ್ತಿ, "ನಾನೂ ಎಡಚೀನ ನೋಡ್ರಿ! ನಮ್ಮತ್ತಿ ಇದs ಕೈಗೆ ಸೌಟಿಲೆ ಹೊಡೀತಿದ್ದಳು" ಎಂದಳು. ಎಲ್ಲರೂ ನಕ್ಕರು. "ಹಂಗಾರ ಬಾವಿ ಗೆರಿ ನಿಂದs ಏನಬೇ?" ಎಂದು ಯಾರೋ ಕೆಣಕಿದರು. "ನಂದಲ್ಲಪಾ, ನಮ್ಮ ಬಳಗದಾಕೀದು" ಎಂದಳು ಮುದುಕಿ, ಗಂಭೀರವಾಗಿ.

ಕೊನೆಯ ದಿನ ಪುರಾಣಕ್ಕೆ ಮಾಡುವಂತೆಯೇ ಆ ನಾಲ್ಕು ವಹಿಗಳಿಗೂ ಹೂವೇರಿಸಿ, ಆರತಿ ಎತ್ತಿ, ತೆಂಗಿನಕಾಯಿ ಒಡೆದರು. ನನಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಇತಿಹಾಸಕ್ಕೆ ಆರತಿ! ಪುಣೆಯ ಗೆಳೆಯರು ನೋಡಿದ್ದರೆ ಏನನ್ನುತ್ತಿದ್ದರೋ ಎಂಬುದೇ ನನ್ನ ಚಿಂತೆ. ಅಂದೇ ಅಲ್ಲಿಯ ಜನ ಸೇರಿ ಪುಸ್ತಕವನ್ನು ಅಚ್ಚು ಹಾಕಿಸುವುದೆಂದು ತೀರ್ಮಾನಿಸಿದರು.

ದೀಪಾವಳಿ ಮುಗಿದ ಮೇಲೆ ಮಾಸ್ತರರು ನನ್ನನ್ನು ಕರೆಸಿಕೊಂಡರು. ಅಷ್ಟರಲ್ಲಿ ಅವರಿಗೆ ಅಕ್ಷರ ಕಾಣುತ್ತಿರಲಿಲ್ಲ. ಅಚ್ಚಿಗೆ ಕೊಡಲು ಶುದ್ಧ ಪ್ರತಿ ಬೇಕಾಗಿತ್ತು. ಹೊರಸಿನ ಮೇಲೆ ಕೂತು, ವಹಿಗಳ ಬೆನ್ನು ಸವರುತ್ತ ಹೇಳಿದರು:

"ಬ್ಯಾರೆ ಆಸೆ ಏನಿಲ್ಲ ತಮ್ಮಾ. ಕಣ್ಣ ಹೊಂಟಾವು, ಹೋಗ್ಲಿ. ಅಚ್ಚಾತಂದರ ಯಾರರೆ ನನ್ನ ಮಾತ ನನಗs ಓದಿ ಹೇಳ್ತಾರ. ಉಳದ ದಿನ ಅಷ್ಟs ಸಾಕು."

ಆಮೇಲೆ ಅವರು ಆಡಿದ ಮಾತೇ ನನಗೆ ಮುಖ್ಯ. ಅದೇ ನನಗೆ ಖಚಿತವಿಲ್ಲ. "ತಪ್ಪಿದ್ದರ ತಿದ್ದು" ಎಂದರೋ, "ನಿನಗ ತಿಳದಂಗ ತಿದ್ದು" ಎಂದರೋ. ಬಹಳ ವರ್ಷ ಎರಡನೆಯದನ್ನೇ ಹೇಳಿದರೆಂದು ನಂಬಿದ್ದೆ. ಹಾಗೆ ನಂಬುವುದು ನನಗೆ ಅನುಕೂಲವಾಗಿತ್ತು. ಅನುಕೂಲವಾದ ನೆನಪನ್ನು ಎರಡು ಸಲ ಅನುಮಾನಿಸಬೇಕೆಂದು ನಾನೇ ತರಗತಿಯಲ್ಲಿ ಹೇಳುತ್ತೇನೆ.

ಮೂರು ತಿಂಗಳು ಕೂತು ತಿದ್ದಿದೆ. ಕೆಂಪು ಪೆನ್ಸಿಲು ಹಿಡಿದು, 'ನಾನು' ಎಂಬುದು ಬಂದಲ್ಲೆಲ್ಲ ಹೊಡೆದೆ. 'ನನ್ನ ಅಂದಾಜು' ಎಂಬುದನ್ನು ಹೊಡೆದೆ. ದೊರೆಯ ಹಲ್ಲುನೋವು ಹೋಯಿತು. ಆ ಮೂವತ್ತು ವರ್ಷಗಳಿದ್ದಲ್ಲಿ, "ಈ ಅವಧಿಯ ದಾಖಲೆಗಳು ಲಭ್ಯವಿಲ್ಲ" ಎಂದು ಬರೆದೆ. ಒಂದು ಸಲ ಮಾತ್ರ ಅವರನ್ನು ಕೇಳಿದ್ದುಂಟು.

"ಈ ಬಾವಿ ಮಾತಿಗೆ ಆಧಾರ ಏನ್ರಿ ಮಾಸ್ತರ?"

"ಕಲ್ಲ ಐತೆಲ್ಲೋ."

"ಕಲ್ಲಿನ ಮ್ಯಾಲೆ ಎಡಗೈಯಾಕಿ ಅಂತ ಬರದಾರೇನ್ರಿ?"

ಅವರು ನಕ್ಕರು. "ನೀ ಒಮ್ಮೆ ಹೋಗಿ ಕೈ ಇಟ್ಟ ನೋಡ ಬಾ. ಹುಕ್ಕೇರಿ ಏನ ಕಾಶಿ ಐತೇನ?"

ಬೆಳಿಗ್ಗೆ ಮೋಟಾರು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ವಾಪಸಾಗಬಹುದಿತ್ತು. ನಾನು ಹೋಗಲಿಲ್ಲ. ಆ ಭಾಗವನ್ನು ಹೊಡೆದುಹಾಕಿ, ಉಳಿದದ್ದನ್ನು ದುಂಡಗೆ ನಕಲು ಮಾಡಿ ಛಾಪಖಾನೆಗೆ ಕಳಿಸಿದೆ. ಕರಡು ಅಚ್ಚನ್ನು ತಿದ್ದಿದವನೂ ನಾನೇ. ನಾಲ್ಕು ವಹಿಗಳು ನೂರಾ ಹತ್ತು ಪುಟಗಳಾದವು. ಎಲ್ಲ ಸಾಲುಗಳೂ ನಿಜ. ನನಗೆ ಹೆಮ್ಮೆಯಾಯಿತು, ಸುಳ್ಳೇಕೆ ಹೇಳಲಿ.

ಯುಗಾದಿಯ ಹಿಂದಿನ ವಾರ ಪುಸ್ತಕದ ಗಂಟು ಘಟಪ್ರಭಾ ಸ್ಟೇಷನ್ನಿಗೆ ಬಂತು. ಬಿಡಿಸಿ ತಂದು ಒಂದು ಪ್ರತಿಯನ್ನು ಮಾಸ್ತರರ ಕೈಯಲ್ಲಿಟ್ಟೆ. ಮೂಸಿ ನೋಡಿದರು. ಪುಟಗಳ ಅಂಚನ್ನು ಹೆಬ್ಬೆರಳಿನಿಂದ ಬಿಡಿಸಿ ಅದರ ಸಪ್ಪಳ ಕೇಳಿದರು. ತೆಳ್ಳಗಿದೆಯೆಂದು ಅನ್ನಿಸಿರಬೇಕು, "ಅಚ್ಚಿನ ಅಕ್ಷರ ಸಣ್ಣು, ಎಲ್ಲಾ ಹಿಡೀತೈತಿ" ಎಂದು ತಾವೇ ಸಮಾಧಾನ ಹೇಳಿಕೊಂಡರು. ಓದಿ ಹೇಳಲೇ ಎಂದು ನಾನು ಕೇಳಲಿಲ್ಲ. ಅವರೇ, "ಈಗ ಬ್ಯಾಡ. ಶ್ರಾವಣದಾಗ ಮೂಡಲಗ್ಯಾಗ ಎಲ್ಲಾರ ಜೋಡಿ ಕೇಳ್ತೇನಿ. ಒಬ್ಬನs ಉಂಡರ ರುಚಿ ಹತ್ತಾಂಗಿಲ್ಲ" ಎಂದರು.

ನಮ್ಮ ಕಡೆ ಒಂದು ಪದ್ಧತಿಯಿದೆ. ಕೈಬರಹದ ಪುರಾಣ ಹಳತಾದರೆ ಹೊಸ ಪ್ರತಿ ಮಾಡಿಕೊಂಡು, ಹಳೆಯದನ್ನು ಪೂಜಿಸಿ ಹೊಳೆಗೆ ಬಿಡುತ್ತಾರೆ. ಹಳೆಯದರ ಜೀವವೆಲ್ಲ ಹೊಸದರಲ್ಲಿ ಬಂದಿದೆಯೆಂಬ ನಂಬಿಕೆಯ ಮೇಲೆ. ಮೂಡಲಗಿಯಲ್ಲಿ ಆರತಿ ಎತ್ತಿಸಿಕೊಂಡ ವಹಿಗಳು ಮಾಸ್ತರರ ಮಟ್ಟಿಗೂ ಪುರಾಣವೇ ಆಗಿಬಿಟ್ಟಿದ್ದವು. ಮರುದಿನ ಬೆಳಿಗ್ಗೆ ನನ್ನ ಭುಜ ಹಿಡಿದುಕೊಂಡು ಘಟಪ್ರಭೆಯ ದಂಡೆಗೆ ಬಂದರು. ನಾಲ್ಕು ವಹಿಗಳನ್ನು ಕೆಂಪು ವಸ್ತ್ರದಲ್ಲಿ ಕಟ್ಟಿ, ಮೇಲೆ ಬಿಲ್ವಪತ್ರೆ ಇಟ್ಟಿದ್ದರು. ನೀರಿಗಿಳಿದು, ಮೊಣಕಾಲಿನ ಮಟ್ಟಕ್ಕೆ ನಿಂತು, ನನ್ನ ಕಡೆ ತಿರುಗಿ ಕೇಳಿದರು:

"ಎಲ್ಲಾ ಬಂದೈತೆಲ್ಲೋ ತಮ್ಮಾ, ಹೊಸದರಾಗ?"

ನಾನು "ಬಂದೈತ್ರಿ" ಎಂದೆನೆಂದು ಒಂದು ನೆನಪು ಹೇಳುತ್ತದೆ. ಬಾಯಿ ಬಿಡಲಿಲ್ಲ, ತಲೆಯಾಡಿಸಿದೆ ಅಷ್ಟೇ ಎಂದು ಇನ್ನೊಂದು. ಕಣ್ಣು ಕಾಣದವರ ಮುಂದೆ ತಲೆಯಾಡಿಸಿದರೆ ಅದು ಸುಳ್ಳಾಗುವುದಿಲ್ಲವೆಂದು ನನ್ನೊಳಗೊಬ್ಬ ವಕೀಲ ಇಷ್ಟು ವರ್ಷ ವಾದ ಮಾಡಿದ್ದಾನೆ. ಏನೇ ಇರಲಿ, ನಿಲ್ಲಿಸಿರಿ ಎಂದು ನಾನು ಹೇಳಲಿಲ್ಲ. ಅವರು ಗಂಟನ್ನು ನೀರಿಗೆ ಬಿಟ್ಟರು. ಕೂಡಲೇ ಮುಳುಗಲಿಲ್ಲ ಅದು. ಸ್ವಲ್ಪ ದೂರ ತೇಲಿ, ಒಂದು ಬಂಡೆಗೆ ತಾಗಿ, ಒಂದು ಸುತ್ತು ತಿರುಗಿ... ಆಗಲೂ ನಾನು ನೀರಿಗೆ ಹಾರಬಹುದಿತ್ತು. ಈಜು ಬರುತ್ತಿತ್ತು ನನಗೆ.

ಶ್ರಾವಣ ಬಂತು. ಅದೇ ಪಡಸಾಲೆ, ಅದೇ ಕಂಬಳಿಗಳ ವಾಸನೆ. ಅಂಕಲಗಿಯಿಂದಲೂ ನಾಲ್ಕು ಜನ ಬಂದಿದ್ದರು, ಹೋದ ವರ್ಷದ ಸುದ್ದಿ ಕೇಳಿ. ಮಾಸ್ತರರು ತಲೆಗೆ ಹೊಸ ಪಟಕ ಸುತ್ತಿಕೊಂಡು ಕಂಬಕ್ಕೊರಗಿ ಕೂತಿದ್ದರು. ಈ ಸಲ ಅವರಿಗೆ ಏನೂ ಕಾಣುತ್ತಿರಲಿಲ್ಲ. ಅರಿವೆ ಅಂಗಡಿಯ ಕಾಕಾ ಅಚ್ಚಿನ ಪುಸ್ತಕಕ್ಕೆ ಕೈಮುಗಿದು ಶುರು ಮಾಡಿದರು.

ಎರಡು ಪುಟ ಆಗುವಷ್ಟರಲ್ಲಿ ನನಗೆ ಗೊತ್ತಾಯಿತು. ಜನ ಮಗ್ಗುಲು ಬದಲಿಸತೊಡಗಿದರು. ಒಬ್ಬರು ಅಡಕೊತ್ತು ತೆಗೆದರು. ಹಿಂದೆ ಎರಡು ಮೂರು ಕಡೆ ಪಿಸುಮಾತು ಎದ್ದಿತು. ಅಂಕಲಗಿಯವರಲ್ಲೊಬ್ಬ ತಡೆಯಲಾರದೆ, "ಏನ್ರಿ ಕಾಕಾ, ಕೋರ್ಟಿನ ಸಮನ್ಸ ಓದಿದಂಗ ಓದಾಕತ್ತೀರಿ!" ಎಂದ.

"ನಾ ಏನ ಮಾಡ್ಲೋ? ಇದ್ದದ್ದನ್ನ ಓದಾಕತ್ತೇನಿ," ಎಂದು ಕಾಕಾ ಸಿಡುಕಿದರು. ಅವರ ಹಣೆ ಬೆವತಿತ್ತು. ಹೋದ ವರ್ಷ ಅವರು ದನಿ ಏರಿಸಿದ ಜಾಗ, ತಗ್ಗಿಸಿದ ಜಾಗ, ನಿಲ್ಲಿಸಿದ ಜಾಗ ಯಾವುದೂ ಪುಸ್ತಕದಲ್ಲಿರಲಿಲ್ಲ. ಮನೆಯಲ್ಲಿ ಕತ್ತಲಾದಾಗ ಗೋಡೆ ತಡವುವವರ ಹಾಗೆ ಅವರು ಸಾಲಿನಿಂದ ಸಾಲಿಗೆ ಹೋಗುತ್ತಿದ್ದರು.

ಮೂರನೆಯ ಸಂಜೆಗೆ ಹತ್ತು ಹನ್ನೆರಡು ಜನ ಉಳಿದಿದ್ದರು. ಹುಕ್ಕೇರಿಯ ಅಧ್ಯಾಯ ಬಂತು. ಗುಮ್ಮಟ ಬಂತು, ಅದರ ಉದ್ದ ಅಗಲ ಬಂತು, ಅಧ್ಯಾಯ ಮುಗಿಯಿತು. ಕುರಿಯವರ ಮುದುಕಿ ಆ ದಿನವೂ ಮುಂದಿನ ಸಾಲಿನಲ್ಲಿದ್ದಳು.

"ಎಡಚಿ ಎಲ್ಲಿ ಹ್ವಾದಳು?" ಎಂದಳು.

ಕಾಕಾ ಪುಟ ಹಿಂದೆ ಮುಂದೆ ತಿರುವಿದರು. "ಇದರಾಗ ಇಲ್ಲಬೇ."

"ಹ್ವಾದ ವರ್ಷ ಇದ್ದಳಲ್ಲೋ! ಬಾವಿ ದಂಡೀ ಮ್ಯಾಲಿದ್ದಾಕಿ. ವರ್ಷದಾಗ ಸತ್ತಳೇನ?"

ಯಾರೋ ನಕ್ಕರು. ಮಾಸ್ತರರು ನಗಲಿಲ್ಲ. ಮೂರು ದಿನದಿಂದ ಅವರು ಒಂದೇ ಭಂಗಿಯಲ್ಲಿ, ತಲೆ ಸ್ವಲ್ಪ ಓರೆ ಮಾಡಿ, ದೂರದಿಂದ ಬರುವ ಪರಿಚಯದ ಹೆಜ್ಜೆಸಪ್ಪಳಕ್ಕೆ ಕಾಯುವವರಂತೆ ಕೂತಿದ್ದರು. ಈಗ ಆ ತಲೆ ನೆಟ್ಟಗಾಯಿತು. ನಾನು ಎಲ್ಲಿ ಕೂತಿದ್ದೇನೆಂದು ಅವರಿಗೆ ಹೇಗೆ ತಿಳಿಯಿತೋ, ಮುಖ ನನ್ನ ಕಡೆ ತಿರುಗಿತು. ಆಮೇಲೆ ಮುದುಕಿಗೆ ಹೇಳಿದರು, ಮೆಲ್ಲಗೆ:

"ಆಕಿ ಹೊಳಿಗೆ ಹ್ವಾದಳವ್ವಾ."

ಹೀಗೆಂದರೆಂದು ನನಗೆ ಸ್ಪಷ್ಟವಾಗಿ ನೆನಪಿದೆ. ಮೂರು ವರ್ಷದ ಹಿಂದೆ ಕಾಕಾ ಸಂಕೇಶ್ವರದ ಬಜಾರದಲ್ಲಿ ಸಿಕ್ಕಿದ್ದರು. ಕೇಳಿದೆ. "ಇಲ್ಲಪಾ, ಮಾಸ್ತರ ಅವತ್ತ ಏನೂ ಮಾತಾಡಲಿಲ್ಲ. ನೀರ ಕೇಳಿದರು, ಕುಡದರು, ಎದ್ದರು," ಎಂದರು. ಕಾಕಾರಿಗೆ ಸುಳ್ಳು ಹೇಳುವ ಕಾರಣವಿಲ್ಲ. ಹಾಗಾದರೆ ಆ ಮಾತನ್ನು ಹೇಳಿದವರು ಯಾರು?

ಗೋಕಾಕಕ್ಕೆ ಬಂದ ಮೇಲೆ ನಾನು ಅವರ ಮನೆಗೆ ಹೋದೆ. "ನೀವು ಹೇಳ್ರಿ ಮಾಸ್ತರ, ನಾ ಮತ್ತ ಬರಕೋತೇನಿ. ಒಂದ ಅಕ್ಷರ ಮುಟ್ಟಾಂಗಿಲ್ಲ," ಎಂದೆ. ಬೈಯಲಿಲ್ಲ ಅವರು. ಬೈದಿದ್ದರೆ ಚೆನ್ನಾಗಿತ್ತು.

"ಕರದರ ಬರಾಂಗಿಲ್ಲ ತಮ್ಮಾ. ಬಂದರೂ ಬ್ಯಾರೇನs ಬರತೈತಿ," ಎಂದರು. ಆಮೇಲೆ, "ನೀ ಬರದದ್ದರಾಗ ಸುಳ್ಳಿಲ್ಲ ನೋಡು. ಖರೆ ಐತಿ ಎಲ್ಲಾ. ಆದರ ಯಾರೂ ಇಲ್ಲ ಅದರಾಗ" ಎಂದರು.

ಆದರೂ ಒಂದು ದಿನ ಹೇಳಲು ಕೂತರು. ನಾನು ಮಸಿಯ ದೌತಿ ತೆರೆದಿಟ್ಟೆ. ನಾಲ್ಕು ಸಾಲು ಹೇಳಿ ನಿಲ್ಲಿಸಿದರು. ಅವರ ದನಿಯೇ ಅಚ್ಚಿನ ಪುಸ್ತಕದ ಹಾಗೆ ಆಗಿತ್ತು. ಅವರಿಗೂ ಅದು ಕೇಳಿಸಿತು. ಮತ್ತೆ ಕೂರಲಿಲ್ಲ. ಅಷ್ಟರಲ್ಲಿ ಎರಡನೆಯ ಮಹಾಯುದ್ಧ ಶುರುವಾಯಿತು, ಕಾಗದ ಸಿಗದಾಯಿತು. ಆ ಚಳಿಗಾಲದಲ್ಲಿ ಅವರು ತೀರಿಕೊಂಡರು. ಕೊನೆಯ ತಿಂಗಳುಗಳಲ್ಲಿ ಯಾರೂ ಅವರಿಗೆ ಏನನ್ನೂ ಓದಿ ಹೇಳಲಿಲ್ಲ. ಅವರು ಕೇಳಲೂ ಇಲ್ಲ.

ಸಾವಿನ ಮನೆಯವರನ್ನು ಮಾತಾಡಿಸಲು ಹೋದಾಗ ಅವರ ಹೆಂಡತಿ ಒಳಗಿಂದ ಈ ಪ್ರತಿಯನ್ನು ತಂದರು. "ತಗೋಪಾ, ನಿನ್ನ ಪುಸ್ತಕ," ಎಂದರು. ಆಕೆಗೆ ಓದು ಬರುತ್ತಿರಲಿಲ್ಲ. ಆ ಮಾತಿನಲ್ಲಿ ಏನೂ ಇಲ್ಲದಿರಬಹುದು. ತಂಬಾಕಿನ ಎಲೆ ಹುಕ್ಕೇರಿಯ ಅಧ್ಯಾಯದಲ್ಲಿದೆ. ಅದಕ್ಕೂ ಅರ್ಥ ಹಚ್ಚುವ ಚಪಲ ನನಗಾಗುತ್ತದೆ. ಕಣ್ಣು ಕಾಣದವರು ಬೆರಳಿಗೆ ಸಿಕ್ಕಲ್ಲಿ ಇಟ್ಟಿರಬೇಕು ಎಂದುಕೊಂಡು ಸುಮ್ಮನಾಗುತ್ತೇನೆ.

ಈಗ ನಾನು ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತೇನೆ. ನನ್ನ ಟಿಪ್ಪಣಿಗಳಲ್ಲಿ ತಪ್ಪಿರುವುದಿಲ್ಲ. ಹುಡುಗರು ತೂಕಡಿಸುತ್ತಾರೆ. ಒಂದೊಂದು ಸಲ ಪುಸ್ತಕ ಮಡಚಿ, ದನಿ ತಗ್ಗಿಸಿ, "ಇದು ನನಗೆ ಗೊತ್ತಿಲ್ಲ..." ಎಂದು ಶುರು ಮಾಡುತ್ತೇನೆ. ಅವರು ತಲೆಯೆತ್ತುತ್ತಾರೆ. ಮುಂದಕ್ಕೆ ನನಗೆ ಬರುವುದಿಲ್ಲ. ಅದು ನನ್ನ ದನಿಯಲ್ಲ. ನನ್ನದು ಯಾವುದೆಂದು ಹುಡುಕುವ ವಯಸ್ಸಿನಲ್ಲಿ ನಾನು ಇನ್ನೊಬ್ಬರದನ್ನು ಹೊಡೆದುಹಾಕುತ್ತ ಕೂತಿದ್ದೆ.

ಪುಸ್ತಕ ಸಿಕ್ಕ ಮರುವಾರ ಹುಕ್ಕೇರಿಗೆ ಹೋದೆ. ಬೆಳಿಗ್ಗೆ ಹೊರಟವನು ಹತ್ತು ಗಂಟೆಗೆ ಬಾವಿಯ ಮುಂದಿದ್ದೆ, ಅಷ್ಟೇ ದೂರ. ಬಾವಿ ಹಾಳುಬಿದ್ದಿದೆ, ಈಗ ಯಾರೂ ಅಲ್ಲಿ ನೀರು ಸೇದುವುದಿಲ್ಲ. ದಂಡೆಗಲ್ಲಿನ ಮೇಲಿನ ಮಣ್ಣನ್ನು ಕರವಸ್ತ್ರದಿಂದ ಒರೆಸಿ ಎಣಿಸಿದೆ. ಅಲ್ಲಿ ನಿಂತವರು ಹೆಂಗಸರೋ ಗಂಡಸರೋ, ಯಾರ ಕೈ ಎಡ, ಯಾರದು ಬಲ ಎಂಬುದಕ್ಕೆ ಆಧಾರವಿಲ್ಲ, ನನಗೆ ಹೇಳಲಾಗದು. ಗೆರೆಗಳು ಏಳು. ಆರು ಬಲಕ್ಕೆ ವಾಲಿವೆ. ಏಳನೆಯದು ಎಡಕ್ಕೆ ವಾಲಿದೆ, ಬೆರಳಿನ ಮೊದಲ ಗೆಣ್ಣು ಮುಳುಗುವಷ್ಟು ಆಳ. ಕೈ ಇಟ್ಟು ನೋಡಿದ್ದೇನೆ.